ಕೊನೆಯ ಹದಿನಾರು ಪುಟ

ಮಾಂಬಳ್ಳಿ
22 ಆಗಸ್ಟ್ 2024, ಗುರುವಾರ

ಹೂಗ್ಯಂ ಗ್ರಂಥಾಲಯದ ಪುಟ್ಟಮಾದಪ್ಪನವರಿಗೆ, ಮಾಂಬಳ್ಳಿ ಗ್ರಂಥಾಲಯದ ರತ್ನ ಮಾಡುವ ನಮಸ್ಕಾರಗಳು.

ಕೊಳ್ಳೇಗಾಲದ ತರಬೇತಿಯಲ್ಲಿ ನೀವು ಹಿಂದಿನ ಬೆಂಚಿನಲ್ಲಿ ತೂಕಡಿಸುತ್ತಿದ್ದಿರಿ. ಆದರೂ ಅಲ್ಲಿ ಹೇಳಿದ್ದು ಅರ್ಧವಾದರೂ ಕಿವಿಗೆ ಬಿದ್ದಿರಬೇಕು. ಪ್ರತಿ ಗ್ರಂಥಾಲಯದಲ್ಲೂ ‘ಸಿಬ್ಬಂದಿ ಮೆಚ್ಚಿದ ಪುಸ್ತಕಗಳು’ ಎಂದು ಒಂದು ಕಪಾಟು ಮಾಡಬೇಕು. ಕಾದಂಬರಿ, ಪತ್ತೇದಾರಿ, ಪ್ರವಾಸ, ಅಡುಗೆ, ಮಕ್ಕಳ ಕಥೆ, ಎಲ್ಲದರಲ್ಲೂ ನಮಗೆ ಇಷ್ಟವಾದದ್ದನ್ನು ಆರಿಸಿ, ಯಾಕೆ ಇಷ್ಟ ಎಂದು ಎರಡು ಸಾಲು ಬರೆದು ಅಂಟಿಸಬೇಕು. ಆಮೇಲೆ ಜೊತೆಗೆ ಸಿಕ್ಕ ಗ್ರಂಥಾಲಯದೊಂದಿಗೆ ಅದಲು ಬದಲು ಮಾಡಿಕೊಳ್ಳಬೇಕು. ನಾನು ಎತ್ತಿದ ಚೀಟಿಯಲ್ಲಿ ನಿಮ್ಮೂರು ಬಂತು. ಪ್ರತಿ ಗುರುವಾರ ಪುಸ್ತಕದ ಚೀಲವನ್ನು ಬಸ್ಸಿಗೆ ಹಾಕುತ್ತೇನೆ. ಕೊಳ್ಳೇಗಾಲದ ಬಸ್ ನಿಲ್ದಾಣದಲ್ಲಿ ಪಾರ್ಸೆಲ್ ನೋಡಿಕೊಳ್ಳುವ ಶಿವನಂಜಯ್ಯ ಇಳಿಸಿಕೊಂಡು ನಿಮ್ಮ ಕಡೆಯ ಬಸ್ಸಿಗೆ ದಾಟಿಸುತ್ತಾರೆ. ಫೋನಿನಲ್ಲಿ ಹೇಳೋಣವೆಂದರೆ ನಿಮ್ಮ ನಂಬರು ಸದಾ ವ್ಯಾಪ್ತಿ ಪ್ರದೇಶದ ಹೊರಗೆ. ಅದಕ್ಕೇ ಈ ಕಾಗದ.

ಕಾದಂಬರಿಯಲ್ಲಿ ನನ್ನ ಆಯ್ಕೆ ‘ಹೊಂಗೆಮರದ ಸ್ಟಾಪು’. ಬರೆದ ಹೆಣ್ಣುಮಗಳು ಇದೊಂದನ್ನೇ ಬರೆದು ಸುಮ್ಮನಾದರಂತೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಚಿಂದಿಯಾಗಿದ್ದ ಪುಸ್ತಕವನ್ನು ನಾನೇ ಹೊತ್ತುಕೊಂಡು ಹೋಗಿ ಬೈಂಡ್ ಮಾಡಿಸಿ, ಬಸ್ಸಿನಲ್ಲೇ ಓದಲು ಶುರುಮಾಡಿದ್ದೆ. ದೇವೀರಿ ಎಂಬ ಹೆಂಗಸು ಎಷ್ಟೋ ವರ್ಷದ ಮೇಲೆ ತವರಿಗೆಂದು ಬಂದು ಹೊಂಗೆಮರದ ಸ್ಟಾಪಿನಲ್ಲಿ ಇಳಿಯುತ್ತಾಳೆ. ಅಣ್ಣ ಬಂದು ಕರೆದುಕೊಂಡು ಹೋಗಬೇಕು. ಬರುವುದಿಲ್ಲ. ಸಂಜೆವರೆಗೂ ಕಾಯುತ್ತಾಳೆ. ಅದೇ ಬಸ್ಸು ತಿರುಗಿ ಬಂದಾಗ ಹತ್ತಿ ಕೂರುತ್ತಾಳೆ. ‘ಕಂಡಕ್ಟರ್ ಸೀಟಿ ಊದಿದ. ಬಸ್ಸು ಹೊರಟಿತು.’ ಪುಸ್ತಕ ಅಲ್ಲಿಗೆ ಮುಗಿಯಿತು. ಅಳು ಇಲ್ಲ, ಶಾಪ ಇಲ್ಲ. ಅಂಥ ಕೊನೆಯನ್ನು ನಾನು ಬೇರೆಲ್ಲೂ ಓದಿಲ್ಲ. ಇದನ್ನು ಚೀಲಕ್ಕೆ ಹಾಕಲು ಮಾತ್ರ ಮನಸ್ಸು ಬರಲಿಲ್ಲ, ಕ್ಷಮಿಸಿ. ಆ ಕಾಲದಲ್ಲಿ ಎಲ್ಲ ಗ್ರಂಥಾಲಯಕ್ಕೂ ಒಂದೊಂದು ಹಂಚಿದ್ದರು, ನಿಮ್ಮಲ್ಲೂ ಇರಬಹುದು. ಹುಡುಕಿ ನೋಡಿ.

ಇಂತಿ,
ರತ್ನ


ಹೂಗ್ಯಂ
5 ಸೆಪ್ಟೆಂಬರ್ 2024

ರತ್ನ ಮೇಡಂ ಅವರಿಗೆ ನಮಸ್ಕಾರ.

ತೂಕಡಿಸಿದ್ದು ನಿಜ. ಮೊದಲ ಬಸ್ಸು ಹಿಡಿದು ಬಂದವನನ್ನು ಫ್ಯಾನಿನ ಕೆಳಗೆ ಕೂರಿಸಿದರೆ ಇನ್ನೇನಾಗುತ್ತದೆ? ಚೀಲ ತಲುಪಿತು. ಕಂಡಕ್ಟರ್ ಅದನ್ನು ಇಳಿಸುತ್ತಾ, ‘ಏನ್ ಸಾ, ಮಾಂಬಳ್ಳಿಯೋರು ಕಲ್ ತುಂಬ್ಬುಟ್ಟು ಕಳ್ಸವ್ರಾ?’ ಅಂದರು.

ನನ್ನಲ್ಲಿ ಓದುಗರು ಕಡಿಮೆ. ಪೇಪರು ನೋಡಲು ಇಬ್ಬರು ಬರುತ್ತಾರೆ, ಪರೀಕ್ಷೆಗೆ ಓದುವ ಒಂದೆರಡು ಹುಡುಗಿಯರು ಬರುತ್ತಾರೆ. ಇಲ್ಲಿ ಅರ್ಧ ಜನ ಮನೆಯಲ್ಲಿ ತಮಿಳು ಆಡುವವರು, ಅವರಿಗೆ ಕೊಡಲು ನನ್ನ ಹತ್ತಿರ ತಮಿಳು ಪುಸ್ತಕವಿಲ್ಲ. ಹೊತ್ತು ಇಳಿಯುವ ಮೊದಲೇ ಎಲ್ಲರೂ ಎದ್ದು ಹೋಗುತ್ತಾರೆ. ಕಾಡಂಚಿನ ಊರು, ಆನೆಗೆ ಗ್ರಂಥಾಲಯದ ವೇಳೆ ತಿಳಿಯದು. ಆಮೇಲೆ ನಾನೊಬ್ಬನೇ ಕೂತಿರುತ್ತೇನೆ. ಮನೆಗೆ ಹೋದರೂ ನಾನೊಬ್ಬನೇ ಆದ್ದರಿಂದ ಅವಸರವೇನಿಲ್ಲ.

ನನ್ನ ಮೊದಲ ಆಯ್ಕೆ ಅಡುಗೆ ಪುಸ್ತಕ. ನಗಬೇಡಿ. ನಮ್ಮ ಮನೆಯವಳು ತೀರಿಕೊಂಡ ಮೇಲೆ ಇದನ್ನು ನೋಡಿಕೊಂಡೇ ಸಾರು ಮಾಡುವುದು ಕಲಿತೆ. ಪ್ರತಿ ಪುಟದ ನೆತ್ತಿಯ ಮೇಲೂ ‘ಆರು ಜನಕ್ಕೆ’ ಎಂದಿದೆ. ಆರರಿಂದ ಭಾಗಿಸಿದರೆ ಮೆಣಸಿನಕಾಯಿಯನ್ನು ಚೂರು ಮಾಡಿ ಹಾಕಬೇಕಾಗುತ್ತದೆ. ಒಬ್ಬನಿಗೆ ಸಾರು ಮಾಡುವುದು ಹೇಗೆಂದು ಯಾರೂ ಬರೆದಿಲ್ಲ ಮೇಡಂ. ಜೊತೆಗೆ ಸೈಕಲ್ಲಿನಲ್ಲಿ ಸಮುದ್ರದ ದಡದುದ್ದಕ್ಕೂ ಹೋದವರೊಬ್ಬರ ಪ್ರವಾಸದ ಪುಸ್ತಕ ಇಟ್ಟಿದ್ದೇನೆ. ನಾನು ಸಮುದ್ರ ನೋಡಿಲ್ಲ. ಆ ಪುಣ್ಯಾತ್ಮ ಇಷ್ಟು ಚೆನ್ನಾಗಿ ಬರೆದಿದ್ದಾರೆಂದರೆ ಇನ್ನು ನೋಡದಿದ್ದರೂ ನಡೆಯುತ್ತದೆ.

‘ಹೊಂಗೆಮರದ ಸ್ಟಾಪು’ ಹುಡುಕುತ್ತೇನೆ.

ಇಂತಿ ನಮಸ್ಕಾರಗಳು,
ಪುಟ್ಟಮಾದಪ್ಪ


ಮಾಂಬಳ್ಳಿ
19 ಸೆಪ್ಟೆಂಬರ್ 2024

ಪುಟ್ಟಮಾದಪ್ಪಣ್ಣನವರಿಗೆ,

ಮೇಡಂ ಅನ್ನುವುದನ್ನು ಬಿಡಿ. ಯಾರೋ ತಪಾಸಣೆಗೆ ಬಂದ ಹಾಗೆ ಕೇಳಿಸುತ್ತದೆ. ನಿಮ್ಮ ಪುಸ್ತಕದ ಹುರುಳಿ ಸಾರನ್ನು ನಾನು ಭಾಗಿಸಲು ಹೋಗಲಿಲ್ಲ, ಆರು ಜನಕ್ಕೇ ಮಾಡಿದೆ. ಮೂರು ದಿನ ಉಂಡೆ. ಕೊನೆಯ ದಿನ ಬಲು ರುಚಿಯಾಗಿತ್ತು. ಒಂಟಿ ಜನಕ್ಕೆ ಅದೊಂದು ಲಾಭ, ಬರೆದಿಟ್ಟುಕೊಳ್ಳಿ.

ಈ ಸಲ ಮಕ್ಕಳ ಕಥೆಯ ಪುಸ್ತಕವೊಂದು, ರೇಷ್ಮೆ ಹುಳು ಸಾಕುವ ಕೈಪಿಡಿಯೊಂದು. ಕೈಪಿಡಿ ನೋಡಿ ಮೂಗು ಮುರಿಯಬೇಡಿ. ನನ್ನ ಗ್ರಂಥಾಲಯದಲ್ಲಿ ಯಾವ ಪ್ರೇಮಕಥೆಗೂ ಇದರಷ್ಟು ಬೇಡಿಕೆಯಿಲ್ಲ. ಹುಳು ಜ್ವರಕ್ಕೆ ಬಿದ್ದಾಗ ಏನು ಮಾಡಬೇಕು ಎನ್ನುವ ಅಧ್ಯಾಯ ಓದಿ. ಮನೆಯ ಮಗುವಿಗೆ ಹುಷಾರಿಲ್ಲದ ಹಾಗೆ ಬರೆದಿದ್ದಾರೆ.

‘ಹೊಂಗೆಮರದ ಸ್ಟಾಪು’ ಸಿಕ್ಕಿತೇ? ಯಾರಾದರೂ ಮನಸ್ಸು ಮುರಿದುಕೊಂಡು ಬಂದು ಏನಾದರೂ ಓದಲು ಕೊಡಿ ಎಂದರೆ ನಾನು ಅದನ್ನೇ ಕೊಡುವುದು. ಕರೆಯಲು ಬಾರದವರಿಗಾಗಿ ಕಾಯಬೇಡಿ, ಬಸ್ಸು ಹತ್ತಿ ಎಂದು ಹೇಳಿ ಕಳಿಸುತ್ತೇನೆ.

ರತ್ನ


ಹೂಗ್ಯಂ
10 ಅಕ್ಟೋಬರ್ 2024

ರತ್ನಮ್ಮನವರಿಗೆ,

ಸಿಕ್ಕಿತು. ಮೂಲೆಯಲ್ಲಿ ಯಾರೂ ಬಿಚ್ಚದ ಕಟ್ಟಿನೊಳಗಿತ್ತು. ಎರಡು ದಿನದಲ್ಲಿ ಓದಿ ಮುಗಿಸಿದೆ. ಒಳ್ಳೆಯ ಪುಸ್ತಕ. ಕೊನೆಯ ವಿಚಾರ ಇನ್ನೊಮ್ಮೆ ಬರೆಯುತ್ತೇನೆ.

ಪತ್ತೇದಾರಿಯಲ್ಲಿ ನನ್ನ ಆಯ್ಕೆ ಕಳಿಸಿದ್ದೇನೆ. ಮೊದಲ ಪುಟದಲ್ಲೇ ಯಾರೋ ಪುಣ್ಯಾತ್ಮ ‘ಕೊಂದವನು ಡಾಕ್ಟರು’ ಎಂದು ಪೆನ್ನಿನಲ್ಲಿ ಬರೆದು ಹೋಗಿದ್ದಾನೆ. ಬೈದುಕೊಂಡೇ ಓದಿದೆ. ನೋಡಿದರೆ ಕೊಂದವನು ಡಾಕ್ಟರಲ್ಲ! ಅವನು ಅರ್ಧಕ್ಕೇ ಬಿಟ್ಟು ತೀರ್ಮಾನ ಬರೆದಿದ್ದಾನೆ. ಅದಕ್ಕೇ ನಾನು ಅದನ್ನು ಅಳಿಸಲಿಲ್ಲ.

ಮಳೆ ಪರವಾಗಿಲ್ಲ. ಜೋಳಕ್ಕೆ ಹಂದಿ ಕಾಟ.

ಪುಟ್ಟಮಾದಪ್ಪ


ಮಾಂಬಳ್ಳಿ
24 ಅಕ್ಟೋಬರ್ 2024

ಪುಟ್ಟಮಾದಪ್ಪಣ್ಣ,

ನನ್ನ ಮೆಚ್ಚಿನ ಪುಸ್ತಕಕ್ಕೆ ‘ಒಳ್ಳೆಯ ಪುಸ್ತಕ’ ಎಂದು ಎರಡೇ ಮಾತು, ಹಂದಿಗೂ ಎರಡು ಮಾತು! ನಿಮಗೆ ಆ ಕೊನೆ ಅರಗಿಲ್ಲ. ಗಂಡಸರಿಗೆ ಅರಗುವುದಿಲ್ಲ, ನನಗೆ ಗೊತ್ತು. ಹೆಣ್ಣು ಅಳುತ್ತಾ ಅಲ್ಲೇ ನಿಂತಿರಬೇಕು ನಿಮಗೆ.

ಸಿಟ್ಟಿಲ್ಲ. ಇವತ್ತು ಬೇರೆ ಕಾರಣಕ್ಕೆ ಮನಸ್ಸು ಸರಿಯಿಲ್ಲ. ನನ್ನ ಅಕ್ಕ ವೀರಮ್ಮ ಕಾಮಗೆರೆಯಲ್ಲಿದ್ದಾಳೆ. ನಮ್ಮ ಪುಸ್ತಕದ ಚೀಲ ಪ್ರತಿ ವಾರ ಅವಳ ಊರನ್ನು ದಾಟಿಕೊಂಡೇ ನಿಮ್ಮಲ್ಲಿಗೆ ಬರುತ್ತದೆ. ನಾನು ಅಲ್ಲಿ ಇಳಿದು ಹನ್ನೊಂದು ವರ್ಷವಾಯಿತು. ಅವ್ವ ಅಕ್ಕನ ಮನೆಯಲ್ಲೇ ತೀರಿಕೊಂಡಳು. ಸುದ್ದಿ ತಿಳಿದು ನಾನು ಓಡಿ ಹೋಗುವಷ್ಟರಲ್ಲಿ ಮಣ್ಣು ಮಾಡಿ ಕೈ ತೊಳೆದುಕೊಂಡು ಕೂತಿದ್ದರು. ಹೆತ್ತವಳ ಮುಖ ನೋಡಲು ನನಗಾಗಿ ಯಾರೂ ಒಂದು ಗಳಿಗೆ ಕಾಯಲಿಲ್ಲ. ‘ಎಲ್ಲಾ ಮುಗ್ಸಿದ್ ಮೇಲೆ ನಾನ್ಯಾಕ್ ಬರ್ಬೇಕಿತ್ತು’ ಅಂದು, ನೀರೂ ಮುಟ್ಟದೆ ತಿರುಗಿ ಬಂದೆ.

ಈಗ ಅಕ್ಕನ ಮಗಳು ಶೃತಿಯ ಮದುವೆ, ನವೆಂಬರ್ 17ರ ಭಾನುವಾರ. ನಾನು ಎತ್ತಿ ಆಡಿಸಿದ ಮಗು. ಲಗ್ನಪತ್ರಿಕೆ ಅಂಚೆಯಲ್ಲಿ ಬಂದಿದೆ. ಒಡಹುಟ್ಟಿದವಳಿಗೆ ಅಂಚೆಯಲ್ಲಿ! ಬರೀ ಮುಖಪರಿಚಯದವರನ್ನೂ ಮನೆಗೆ ಹೋಗಿ ಕುಂಕುಮ ಕೊಟ್ಟು ಕರೆಯುವುದು ನಮ್ಮ ಪದ್ಧತಿ. ಕವರಿನ ಮೇಲೆ ವಿಳಾಸ ಬಿಟ್ಟು ಒಂದಕ್ಷರವಿಲ್ಲ.

ನಾನು ಹೋಗುವುದಿಲ್ಲ. ದೇವೀರಿಯ ಹಾಗೆ ನನಗೂ ಬಸ್ಸು ಹತ್ತುವುದು ಗೊತ್ತು.

ರತ್ನ


ಹೂಗ್ಯಂ
7 ನವೆಂಬರ್ 2024

ರತ್ನಮ್ಮ,

ನಿಮ್ಮ ಕಾಗದವನ್ನು ಎಷ್ಟು ಸಲ ಓದಿದೆನೋ ಗೊತ್ತಿಲ್ಲ. ಮದುವೆಗೆ ಹೋಗಿ ಬನ್ನಿ. ಕರೆಯುವ ರೀತಿ ತಪ್ಪಿರಬಹುದು, ಆದರೆ ಕರೆದಿದ್ದಾರಲ್ಲ. ಎಲ್ಲ ಅಣ್ಣಂದಿರೂ ಬರದೇ ಇರುವುದಿಲ್ಲ. ಕೆಲವರು ತಡವಾಗಿ ಬರುತ್ತಾರೆ.

ಇದಕ್ಕಿಂತ ಹೆಚ್ಚು ಹೇಗೆ ಬರೆಯಲಿ ಎಂದು ತಿಳಿಯುತ್ತಿಲ್ಲ. ನಕ್ಷತ್ರಗಳ ಬಗ್ಗೆ ಒಂದು ವಿಜ್ಞಾನದ ಪುಸ್ತಕ ಇಟ್ಟಿದ್ದೇನೆ. ಇಲ್ಲಿ ಕರೆಂಟು ಹೋದ ದಿನ ಅದರಲ್ಲಿರುವುದೆಲ್ಲ ಕಾಣುತ್ತದೆ.

ಪುಟ್ಟಮಾದಪ್ಪ


ಮಾಂಬಳ್ಳಿ
14 ನವೆಂಬರ್ 2024

ಅಣ್ಣ,

ನಿನ್ನೆ ಫೋನ್ ಮಾಡಿದಿರಿ. ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಿದ್ದೀರೆಂದು ಏದುಸಿರಿನಲ್ಲೇ ತಿಳಿಯಿತು. ಅಷ್ಟು ಕಷ್ಟಪಟ್ಟು ‘ಆ ಕಡೆ ಮಳೆ ಹೇಗಿದೆ’ ಎಂದು ಕೇಳಿ ಇಟ್ಟುಬಿಟ್ಟಿರಿ. ಮದುವೆಗೆ ಹೋಗಿ ಎನ್ನಲು ಮಾಡಿದ್ದಾದರೆ ಆ ಮಾತು ಬೇಡ. ಶೃತಿಗೆಂದು ಸೀರೆ ತಂದಿದ್ದೆ, ಅದನ್ನು ಪೆಟ್ಟಿಗೆಯ ತಳಕ್ಕೆ ಹಾಕಿದ್ದೇನೆ.

ರತ್ನ


ಹೂಗ್ಯಂ
14 ನವೆಂಬರ್ 2024

ರತ್ನಮ್ಮ,

ನಿಮ್ಮ ಇವತ್ತಿನ ಕಾಗದ ಸಂಜೆಯ ಬಸ್ಸಿಗೆ ಬಂತು. ಫೋನಿನಲ್ಲಿ ಬಾಯಿ ಬರಲಿಲ್ಲ. ಬರೆದೇ ಹೇಳುತ್ತೇನೆ.

ನಿಮ್ಮ ಪುಸ್ತಕ ಅಲ್ಲಿಗೆ ಮುಗಿಯುವುದಿಲ್ಲ. ‘ಬಸ್ಸು ಹೊರಟಿತು’ ಎನ್ನುವುದು 176ನೇ ಪುಟದ ಕೊನೆಯ ಸಾಲು. ನನ್ನ ಪ್ರತಿಯಲ್ಲಿ ಇನ್ನೂ ಹದಿನಾರು ಪುಟಗಳಿವೆ. ಹರಿದ ಪುಸ್ತಕವನ್ನು ನೀವು ಬೈಂಡ್‌ಗೆ ಕೊಟ್ಟಾಗ ಕೊನೆಯ ಫಾರಂ, ಅಂದರೆ ಒಟ್ಟಿಗೆ ಮಡಿಚಿ ಹೊಲಿಯುವ ಹದಿನಾರು ಪುಟದ ಕಟ್ಟು, ಎಲ್ಲೋ ಉದುರಿಹೋಗಿದೆ. ಬೈಂಡರ್ ಇದ್ದಷ್ಟನ್ನು ಹೊಲಿದು ರಟ್ಟು ಅಂಟಿಸಿದ್ದಾರೆ. ಆ ಸಾಲು ಕೊನೆಯ ಸಾಲಿನ ಹಾಗೇ ಇದೆ, ಯಾರಾದರೂ ನಂಬುತ್ತಾರೆ.

ಬಸ್ಸು ತಿರುವಿನಲ್ಲಿ ಗಕ್ಕನೆ ನಿಲ್ಲುತ್ತದೆ. ರಸ್ತೆ ಮಧ್ಯೆ ಅಣ್ಣ ಕೈ ಅಡ್ಡ ಹಿಡಿದು ನಿಂತಿದ್ದಾನೆ. ಗಾಡಿಯ ಕೀಲು ಮುರಿದು, ಗದ್ದೆಯೊಳಗೆ ಬಿದ್ದು ಎದ್ದು ಓಡಿ ಬಂದಿದ್ದಾನೆ. ದೇವೀರಿ ಇಳಿಯುತ್ತಾಳೆ. ಆಮೇಲೆ ಊರು ಸೇರುವ ತನಕ ಇಬ್ಬರೂ ಜಗಳವಾಡುತ್ತಾ ನಡೆಯುತ್ತಾರೆ. ಪ್ರೀತಿ ಎಂಬ ಮಾತು ಒಂದು ಸಲವೂ ಇಲ್ಲ, ಬರೀ ಜಗಳ. ಹನೂರಿಗೆ ಹೋಗಿ ಆ ಪುಟಗಳನ್ನು ಜೆರಾಕ್ಸ್ ಮಾಡಿಸಿ ಚೀಲದಲ್ಲಿ ಮೇಲೆಯೇ ಇಟ್ಟಿದ್ದೇನೆ.

ಬೆಳಗಿನ ಮೊದಲ ಬಸ್ಸಿಗೆ ಹಾಕುತ್ತೇನೆ, ನಾಳೆಯೇ ನಿಮಗೆ ಸಿಗುತ್ತದೆ. ಮದುವೆ ಭಾನುವಾರ. ಓದಿ, ಸೀರೆ ತೆಗೆದುಕೊಂಡು ಹೊರಡಿ.

ಪುಟ್ಟಮಾದಪ್ಪ


ಮಾಂಬಳ್ಳಿ
28 ನವೆಂಬರ್ 2024

ಪುಟ್ಟಮಾದಪ್ಪನವರೇ,

ನಿಮ್ಮ ಚೀಲ ನನ್ನ ಕೈಗೆ ಬಂದದ್ದು ಹತ್ತೊಂಬತ್ತರ ಮಂಗಳವಾರ. ಶಿವನಂಜಯ್ಯ ಮೊಮ್ಮಗಳ ನಾಮಕರಣವೆಂದು ರಜೆ ಹಾಕಿದ್ದರು. ಚೀಲ ಕೊಳ್ಳೇಗಾಲದಲ್ಲೇ ಮೂಲೆಯಲ್ಲಿ ಬಿದ್ದಿತ್ತು. ಅವರ ಮೇಲೆ ನನಗೆ ಸಿಟ್ಟಿಲ್ಲ.

ಆ ಹದಿನಾರು ಪುಟಗಳನ್ನು ಮೇಜಿನ ಮುಂದೆ ನಿಂತುಕೊಂಡೇ ಓದಿದೆ. ಗ್ರಂಥಾಲಯದ ಕೆಲಸದಲ್ಲಿ ಇಷ್ಟು ವರ್ಷ ಕಳೆದವಳು, ಬೈಂಡಾಗಿ ಬಂದ ಪುಸ್ತಕದ ಪುಟ ಎಣಿಸಲಿಲ್ಲ. ಎಷ್ಟು ಜನರ ಕೈಗೆ ಆ ಪುಸ್ತಕ ಕೊಟ್ಟು ಬಸ್ಸು ಹತ್ತಿ ಎಂದು ಹೇಳಿ ಕಳಿಸಿದ್ದೇನೋ. ಅವರೆಲ್ಲ ಎಲ್ಲೆಲ್ಲಿ ಇಳಿಯದೆ ಹೋದರೋ.

ಮರುದಿನ ಅರ್ಧ ದಿನ ರಜೆ ಹಾಕಿ ಕಾಮಗೆರೆಗೆ ಹೋದೆ. ಚಪ್ಪರ ಇನ್ನೂ ಬಿಚ್ಚಿರಲಿಲ್ಲ. ಅಕ್ಕ ಹಿತ್ತಲಲ್ಲಿ ದೊಡ್ಡ ಪಾತ್ರೆಗಳನ್ನು ಉಜ್ಜುತ್ತಾ ಕೂತಿದ್ದಳು. ತಲೆ ಪೂರ್ತಿ ಬೆಳ್ಳಗಾಗಿದೆ. ನನ್ನನ್ನು ನೋಡಿ ಕೈ ನಿಲ್ಲಿಸಲಿಲ್ಲ.

‘ಈಗ ಬಂದ್ಯಾ? ಎಲ್ಲಾ ಮುಗುದ್ ಮ್ಯಾಲೆ?’ ಅಂದಳು.

‘ಅಂಚೆಲಿ ಕಾಗ್ದ ಕಳ್ಸುದ್ರೆ ಯಾರ್ ಬತ್ತರೆ?’ ಅಂದೆ. ಅಕ್ಕನ ಎದುರು ನಿಂತರೆ ನನ್ನ ಓದು ಬರಹವೆಲ್ಲ ಎಲ್ಲಿ ಹೋಗುತ್ತದೋ.

‘ಬಂದಿದ್ದೆ ಕಣಮ್ಮಿ. ಎರಡ್ ಸತಿ ಬಂದಿದ್ದೆ. ಮನೇಗೆ ಬೀಗ. ಆಮ್ಯಾಕೆ ನಿನ್ ಲೈಬ್ರರಿ ಬಾಗ್ಲಗಂಟ ಬಂದೆ, ಕುಂಕುಮದ ಬಟ್ಲು ಸೆರಗಲ್ಲೇ ಇತ್ತು. ನೀನು ಯಾವ್ದೋ ಮಗೀಗೆ ಬುಕ್ ಕೊಟ್ಕಂಡು ನಗ್ತಾ ನಿಂತಿದ್ದೆ. ನೀನ್ ಅಷ್ಟು ನಗಾದ ನಾ ಯಾವತ್ತೂ ಕಂಡಿರ್ನಿಲ್ಲ. ನನ್ ಮಖ ಕಂಡ್ರೆ ಆ ನಗು ಓಯ್ತದೆ ಅನ್ನುಸ್ತು. ಅಂಗೇ ತಿರೀಕಂಡ್ ಊರ್ಗ್ ಓದೆ. ಅದ್ಕೇ ಅಂಚೆಗ್ ಆಕುಸ್ದೆ.’

ಅಲ್ಲೇ ಕಲ್ಲಿನ ಮೇಲೆ ಕೂತೆ. ಆಮೇಲೆ ಅವ್ವನ ವಿಚಾರ ಬಂತು. ‘ಒತ್ ಮುಳುಗಾಕೆ ಮುಂಚೆ ಆಗ್ಬೇಕು ಅಂತ ದೊಡ್ಡೋರ್ ಎತ್ಬುಟ್ರು. ನನ್ ತಂಗಿ ಬರ್ಲಿ ಅಂತ ಬಾಗ್ಲಿಗೆ ಅಡ್ಡ ಕುಂತಿದ್ದೆ, ತೋಳ್ ಹಿಡುದ್ ಎಳುದ್ ಆಕುದ್ರು. ನೀನು ಬಂದೋಳು ಒಂದ್ ಮಾತ್ ಕೇಳ್ದ್ಯಾ ನನ್ನ?’ ಕೇಳಿರಲಿಲ್ಲ. ಸಂಜೆವರೆಗೂ ಇಬ್ಬರೂ ಕಿತ್ತಾಡಿದೆವು. ಪಾತ್ರೆಗಳನ್ನೆಲ್ಲ ನಾನೇ ಉಜ್ಜಿ ಮುಗಿಸಿದೆ.

ಶೃತಿ ಗಂಡನ ಮನೆಗೆ ಹೋಗಿಯಾಗಿತ್ತು. ಮುಹೂರ್ತದ ಹೊತ್ತಿನಲ್ಲಿ ‘ಚಿಕ್ಕಮ್ಮ ಬಂದ್ರಾ’ ಎಂದು ತಿರುಗಿ ತಿರುಗಿ ಬಾಗಿಲು ನೋಡಿದಳಂತೆ. ಅದೊಂದನ್ನು ಯಾರೂ ನನಗೆ ತಿರುಗಿ ಕೊಡಲಾರರು. ನೀವು ಪುಸ್ತಕ ಓದಿ ಮುಗಿಸಿದ್ದು ಅಕ್ಟೋಬರ್ ಹತ್ತಕ್ಕೂ ಮೊದಲು. ಗುಡ್ಡ ಹತ್ತಿ ಫೋನ್ ಮಾಡಿದಾಗಲೂ ಗೊತ್ತಿತ್ತು. ಮಳೆ ಕೇಳಿದಿರಿ.

ಇನ್ನು ಮುಂದೆ ಚೀಲದಲ್ಲಿ ಪುಸ್ತಕ ಬರುತ್ತದೆ. ಕಾಗದ ಬರುವುದಿಲ್ಲ.

ರತ್ನ


ಹೂಗ್ಯಂ
12 ಡಿಸೆಂಬರ್ 2024

ರತ್ನಮ್ಮನವರಿಗೆ,

ಬೈದದ್ದು ಸರಿಯಾಗಿದೆ. ನೆಪ ಹೇಳುವುದಿಲ್ಲ, ಕಾರಣ ಹೇಳುತ್ತೇನೆ.

ಆ ಕೊನೆಯನ್ನು ನೀವು ಎಷ್ಟು ಹೊಗಳಿದ್ದಿರೆಂದರೆ, ಅದು ತಪ್ಪು ಎನ್ನಲು ನನಗೆ ಧೈರ್ಯವಾಗಲಿಲ್ಲ. ಹೇಳಿದರೆ ನಿಮಗೆ ನೋವಾಗುತ್ತದೆ, ಕಾಗದ ನಿಂತುಹೋಗುತ್ತದೆ ಎಂದು ಹೆದರಿದೆ. ಗುರುವಾರ ಬಿಟ್ಟರೆ ನನ್ನ ವಾರದಲ್ಲಿ ಬೇರೆ ದಿನವೇ ಇರಲಿಲ್ಲ ರತ್ನಮ್ಮ. ಚೀಲ ಬಂದ ಸಂಜೆ ಬಾಗಿಲು ಹಾಕಿಕೊಂಡು ಮೊದಲು ನಿಮ್ಮ ಕಾಗದ ಓದುತ್ತಿದ್ದೆ, ಆಮೇಲೆ ಸಾರಿಗೆ ನೀರಿಡುತ್ತಿದ್ದೆ. ನನ್ನ ಒಂದು ಸಂಜೆಗಾಗಿ ನಿಮ್ಮ ಮಗಳ ಮದುವೆ ತಪ್ಪಿಸಿದೆ. ಚಿಕ್ಕಮ್ಮನಿಗೆ ಅವಳು ಮಗಳೇ ತಾನೆ.

ಕ್ಷಮಿಸಿ ಎಂದು ಕೇಳಲು ನಾಚಿಕೆಯಾಗುತ್ತದೆ. ಆದರೂ ಕೇಳುತ್ತಿದ್ದೇನೆ.

ಪುಟ್ಟಮಾದಪ್ಪ


ಹೂಗ್ಯಂ
2 ಜನವರಿ 2025

ರತ್ನಮ್ಮನವರಿಗೆ,

ಚೀಲ ಬಂತು. ತಮಿಳು ಪುಸ್ತಕಗಳು! ಎಲ್ಲಿಂದ ಹೊಂದಿಸಿದಿರೋ. ಓದು ಬಾರದ ಅಜ್ಜಿಯೊಬ್ಬರು ಮೊಮ್ಮಗಳ ಕೈಲಿ ಓದಿಸಿಕೊಂಡು ಒಂದು ಮಧ್ಯಾಹ್ನ ಪೂರ್ತಿ ಕೂತಿದ್ದರು. ಕಾಗದವೇನಾದರೂ ಇದೆಯೇನೋ ಎಂದು ಪ್ರತಿ ಪುಸ್ತಕವನ್ನೂ ಕೊಡವಿ ನೋಡಿದೆ. ಇರಲಿಲ್ಲ. ಹೇಳಿದ ಮಾತಿನ ಹಾಗೆ ನಡೆಯುವವರು ನೀವು.

ಪುಟ್ಟಮಾದಪ್ಪ


ಕೊಳ್ಳೇಗಾಲ ಬಸ್ ನಿಲ್ದಾಣ
20 ಜನವರಿ 2025, ಸೋಮವಾರ

ರತ್ನಮ್ಮನವರಿಗೆ,

ಸೋಮವಾರ ನಮ್ಮಿಬ್ಬರಿಗೂ ವಾರದ ರಜೆಯೆಂದು ಇವತ್ತು ಮಾಂಬಳ್ಳಿಗೆ ಬಂದಿದ್ದೆ. ಎದುರಿಗೆ ನಿಂತು ಕ್ಷಮೆ ಕೇಳಿ ಬರೋಣವೆಂದು. ಮನೆಗೆ ಬೀಗ. ಪಕ್ಕದ ಮನೆಯ ಚಿಕ್ಕನಿಂಗಮ್ಮ ಹೊರಗೆ ಬಂದು, ‘ರತ್ನಮ್ಮಾರಾ? ಸೋಮಾರ ಸೋಮಾರ ಅಕ್ಕನ್ ಮನೇಗ್ ಓಯ್ತಾರೆ ಕಣ್ರಿ. ಈಗೀಗ ಬಲೇ ಕುಸಾಲಾಗವ್ರೆ. ಬಂದ್ರೆ ಏನಾರ ಏಳ್ಬೇಕಾ?’ ಎಂದರು. ಏನೂ ಇಲ್ಲ ಕಣವ್ವ ಎಂದು ಹೇಳಿ, ಅವರು ಕೊಟ್ಟ ನೀರು ಕುಡಿದು ಬಂದೆ.

ನಿಜ ಹೇಳಲಾ? ನೀವು ಮನೆಯಲ್ಲಿ ಇಲ್ಲವೆಂದು ಕೇಳಿ ಸಂತೋಷವಾಯಿತು. ಬಸ್ ನಿಲ್ದಾಣಕ್ಕೆ ಬಂದು ಕೂತ ಮೇಲೆ ಆ ಸಂತೋಷದ ಜೊತೆಗೇ ಇನ್ನೊಂದು ಬಂತು. ಎರಡೂ ಪಕ್ಕಪಕ್ಕದಲ್ಲಿ ಕೂತಿವೆ, ಎದ್ದು ಹೋಗುವ ಹಾಗೆ ಕಾಣುತ್ತಿಲ್ಲ. ನಿಮಗೆ ಸೋಮವಾರವಿದೆ. ನನಗೆ ಗುರುವಾರ ಹೋಯಿತು. ಅದು ನ್ಯಾಯವೇ, ದೂರುತ್ತಿಲ್ಲ.

ಇನ್ನು ಸ್ವಲ್ಪ ಹೊತ್ತಿಗೆ ನನ್ನ ಬಸ್ಸು ಕಾಮಗೆರೆ ದಾಟುತ್ತದೆ. ಆ ಊರೊಳಗೆಲ್ಲೋ ನೀವು ಇರುತ್ತೀರಿ. ಇಳಿಯುವುದಿಲ್ಲ, ಗಾಬರಿಯಾಗಬೇಡಿ. ಈ ಚೀಟಿಯನ್ನು ಶಿವನಂಜಯ್ಯನವರ ಕೈಗೆ ಕೊಟ್ಟು ಹೋಗುತ್ತೇನೆ.

ಪುಟ್ಟಮಾದಪ್ಪ


ಮಾಂಬಳ್ಳಿ
23 ಜನವರಿ 2025, ಗುರುವಾರ

ಪುಟ್ಟಮಾದಪ್ಪಣ್ಣ,

ನನ್ನ ಸಿಟ್ಟು ಇನ್ನೂ ಇದೆ. ಕಾಗದದಲ್ಲಿ ಅದು ಮುಗಿಯುವ ಹಾಗೆ ಕಾಣುತ್ತಿಲ್ಲ, ಎದುರಿಗೆ ಕೂರಿಸಿಕೊಂಡೇ ಬೈಯಬೇಕು.

ಸೋಮವಾರ ಬಿಟ್ಟು ಬನ್ನಿ. ರಜೆ ಹಾಕಿ ಬನ್ನಿ.

ರತ್ನ